ಮೂವತ್ತೊಂದು ಬಾರದ ಮರಿಗಳು

ಹುಣಸೂರಿನ ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್ ಕಾರ್ಡು, ಜಾತಿ ಸರ್ಟಿಫಿಕೇಟು, ಲಗ್ನಪತ್ರಿಕೆಯ ಪ್ರೂಫು, ದಿನವೆಲ್ಲ ಇವೇ. ಗಿರಾಕಿಗಳ ಕಾಗದ ಓದಬಾರದು ಅಂತ ಅಂಗಡಿ ತೆರೆದ ದಿನವೇ ಒಂದು ನಿಯಮ ಮಾಡಿಕೊಂಡಿದ್ದೆ. ಮನುಷ್ಯನಾದವನಿಗೆ ಅದು ಆಗುವ ಕೆಲಸವಲ್ಲ ಅಂತ ಒಂದೇ ವಾರಕ್ಕೆ ಗೊತ್ತಾಯಿತು. ಈಗ ಓದುತ್ತೇನೆ, ಆದರೆ ಓದಿದವನ ಹಾಗೆ ಮುಖ ಮಾಡುವುದಿಲ್ಲ.

ಹೋದ ತಿಂಗಳು ಡಿಗ್ರಿ ಓದುವ ಹುಡುಗಿಯೊಬ್ಬಳು ಮೊಬೈಲಿನಿಂದ ಒಂದು ಹಾಳೆ ಕಳಿಸಿ ಪ್ರಿಂಟ್ ಕೇಳಿದಳು. ಆರು ಹೆಸರು, ಪ್ರತಿ ಹೆಸರಿನ ಮುಂದೆ ಆರಾರು ಅಂಕಿ. ಮೂವತ್ತೊಂದು, ಮೂವತ್ತೊಂದು, ಮೂವತ್ತೊಂದು... ಸಾಲು ಸಾಲಾಗಿ ಅದೇ. ಕೊನೆಯ ಹೆಸರಿನ ಮುಂದೆ ಮಾತ್ರ ಒಂದು ಕಡೆ ಸೊನ್ನೆ. ನನಗೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ. "ಇದೊಂದಕ್ಕೆ ವೇಗ ಸೊನ್ನೆ ಇಟ್ಟಿದ್ದೀಯ, ಎಲ್ಲರಿಗಿಂತ ಹಿಂದೆ ಹೊಡೀಲಿ ಅಂತಾನಾ?" ಅಂದೆ.

ಆ ಹುಡುಗಿ ಕಣ್ಣರಳಿಸಿ "ಅಣ್ಣಾ, ನಿಮಗೆ ಈ ಆಟ ಗೊತ್ತಾ?" ಅಂದಳು. ಸ್ವಲ್ಪ ಗೊತ್ತು ಅಂದೆ. ಆಮೇಲೆ ಅವಳೇ ಉತ್ಸಾಹದಿಂದ ಹೇಳಿದಳು: "ಇದೊಂದು ಸಿಗೋಕೆ ಇನ್ನೂರು ಮೊಟ್ಟೆ ಒಡೆಸಿದ್ದೀನಿ ಅಣ್ಣಾ. ಉಳಿದಿದ್ದೆಲ್ಲ ನಿನ್ನೆ ಕೂತು ಬಿಟ್ಟುಬಿಟ್ಟೆ. ಬಾಕ್ಸ್ ಖಾಲಿ ಆಗಿ ಎಷ್ಟು ಆರಾಮ ಅನ್ನಿಸ್ತು ಗೊತ್ತಾ!" ಅವಳು ಹೋದ ಮೇಲೆ ನಾನು ಒಂದು ಪಹಣಿಯನ್ನು ನಾಲ್ಕು ಸಲ ತಪ್ಪು ಪ್ರಿಂಟ್ ತೆಗೆದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಂಗೈಯಗಲದ ಒಂದು ಯಂತ್ರ. ಅದರೊಳಗೆ ಕಾಡು, ಕೆರೆ, ಊರು, ಅಲ್ಲೆಲ್ಲ ಚಿತ್ರವಿಚಿತ್ರ ಪ್ರಾಣಿಗಳು. ಅವನ್ನು ಹಿಡಿಯಬೇಕು, ಸಾಕಬೇಕು, ಕಾದಾಟಕ್ಕೆ ಬಿಡಬೇಕು. ಮಕ್ಕಳ ಆಟ ಇಷ್ಟಕ್ಕೆ ಮುಗಿಯುತ್ತದೆ. ನನ್ನಂಥ ತಲೆಕೆಟ್ಟವರ ಆಟ ಶುರುವಾಗುವುದೇ ಇಲ್ಲಿಂದ. ಪ್ರತಿ ಪ್ರಾಣಿಗೂ ಹುಟ್ಟಿನಿಂದ ಬಂದ ಆರು ಗುಣ ಇರುತ್ತವೆ. ಬಲ, ತಾಳಿಕೆ, ವೇಗ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಮೂವತ್ತೊಂದರವರೆಗೆ ಅಂಕಿ. ಪಂದ್ಯಕ್ಕೆ ಹೋಗುವವರಿಗೆ ಮೂವತ್ತೊಂದೇ ಬೇಕು. ಅಂಥದ್ದು ಕಾಡಿನಲ್ಲಿ ಸಿಗುವುದಿಲ್ಲ. ಗಂಡು ಹೆಣ್ಣು ಜೋಡಿ ಮಾಡಿ ಬಿಟ್ಟು, ಮೊಟ್ಟೆ ಪಡೆದು, ಅದನ್ನು ಹೊತ್ತು ಸಾವಿರಾರು ಹೆಜ್ಜೆ ನಡೆದು ಒಡೆಸಬೇಕು. ಮರಿಯ ಅಂಕಿ ನೋಡಬೇಕು, ಸರಿ ಇಲ್ಲದಿದ್ದರೆ ಮತ್ತೊಂದು ಮೊಟ್ಟೆ. ಒಂದು ಒಳ್ಳೆಯದಕ್ಕೆ ನೂರು ಮರಿ ಹುಟ್ಟುತ್ತವೆ. ಉಳಿದ ತೊಂಬತ್ತೊಂಬತ್ತು ಆಟದೊಳಗೇ ಇರುವ ಬಾಕ್ಸು ಎನ್ನುವ ಗೂಡುಗಳಲ್ಲಿ ಬಿದ್ದಿರುತ್ತವೆ. ಬಾಕ್ಸ್ ತುಂಬಿದ ದಿನ ಅವನ್ನು ಬಿಟ್ಟುಬಿಡಬೇಕು, ಮತ್ತೆ ಅವು ಸಿಗುವುದಿಲ್ಲ.

ಹದಿನೈದು ವರ್ಷದ ಹಿಂದಿನ ಮಾತು. ಬಿ.ಕಾಂ. ಮುಗಿಸಿ ಊರಿಗೆ ಬಂದು ಕೂತಿದ್ದೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ ಅಂತ ಊರಿಗೆಲ್ಲ ಹೇಳಿದ್ದೆ, ನನಗೂ ಹೇಳಿಕೊಂಡಿದ್ದೆ. ಮೈಸೂರಿನ ಹಾಸ್ಟೆಲಿನಲ್ಲಿ ಜೊತೆಗಿದ್ದವನು ಆಡಿ ಬೇಸರವಾಗಿ ಕೊಟ್ಟಿದ್ದ ಯಂತ್ರ ನನ್ನ ಪುಸ್ತಕದ ಮಧ್ಯೆ ಇರುತ್ತಿತ್ತು. ಅವ್ವ ಒಂದು ಸಲ ನೋಡಿ "ಅದೇನ್ಲಾ ಅದು, ಕ್ಯಾಲ್ಕುಲೇಟ್ರಾ?" ಅಂದಳು. ಹೂಂ ಅಂದೆ. ಅಂಕಿ ನೋಡುವುದಕ್ಕೇ ಅದು ಇದ್ದದ್ದರಿಂದ ಪೂರ್ತಿ ಸುಳ್ಳೇನಲ್ಲ.

ನಮ್ಮೂರು ಪಿರಿಯಾಪಟ್ಟಣದ ರಸ್ತೆಯಲ್ಲಿದೆ. ಆ ಕಡೆ ಓಡಾಡಿದವರಿಗೆ ಗೊತ್ತು, ಹೊಲಕ್ಕೊಂದರಂತೆ ಎತ್ತರದ ಗೋಡೆಯ ಹೊಗೆಸೊಪ್ಪಿನ ಬ್ಯಾರನ್ನುಗಳು. ಹಸಿ ಎಲೆ ಕಿತ್ತು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಅಂತಸ್ತಂತಸ್ತಾಗಿ ತೂಗುಹಾಕಿ, ಕೆಳಗಿನಿಂದ ಕಾವು ಕೊಡುತ್ತಾರೆ. ಐದಾರು ದಿನ ಬೆಂಕಿ ಆರಬಾರದು, ಒಮ್ಮೆಲೇ ಏರಲೂಬಾರದು. ಏರಿದರೆ ಎಲೆ ಕಪ್ಪಾಗುತ್ತದೆ, ಇಳಿದರೆ ಹಸಿರು ಉಳಿಯುತ್ತದೆ. ಯಾರಾದರೊಬ್ಬರು ಥರ್ಮಾಮೀಟರ್ ನೋಡುತ್ತ ಕೂತೇ ಇರಬೇಕು. ರಾತ್ರಿ ಅಣ್ಣ ಕೂರುತ್ತಿದ್ದ, ಹಗಲು ಅತ್ತಿಗೆ. ಓದುವ ಹುಡುಗ ಅಂತ ನನಗೆ ವಿನಾಯಿತಿ ಇತ್ತು. ಆದರೂ ನಾನು ಅತ್ತಿಗೆಯ ಪಕ್ಕದಲ್ಲೇ ಹೋಗಿ ಕೂರುತ್ತಿದ್ದೆ, ಮನೆಯೊಳಗಿದ್ದರೆ ಪುಸ್ತಕ ತೆರೆಯಬೇಕಾಗುತ್ತಿತ್ತಲ್ಲ.

ಅತ್ತಿಗೆ ಅಂತರಸಂತೆಯವರು. ಕಾಡಿನಂಚಿನ ಊರು, ಅವರ ತವರಿನಲ್ಲಿ ನಾಟಿ ಕೋಳಿ ಹಿಂಡುಹಿಂಡಾಗಿ ಇದ್ದವಂತೆ. ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ಒಳಗೆ ಮರಿ ಇದೆಯೋ ಇಲ್ಲವೋ ಹೇಳಬಲ್ಲವರು. ಒಂದು ದಿನ ನನ್ನ ಹೆಗಲ ಮೇಲಿಂದ ಇಣುಕಿ ನೋಡಿ ಕೇಳಿದರು.

"ಅದ್ಯಾಕಪ್ಪ, ಬೆಳಗ್ಗಿಂದ ಅದೊಂದೇ ರೋಡಲ್ಲಿ ಅತ್ಲಾಗೂ ಇತ್ಲಾಗೂ ಓಡಾಡ್ತಾನೇ ಇದ್ದೀಯ?"

"ಮೊಟ್ಟೆ ಅತ್ಗೆ. ನಡೆದ್ರೆ ಮರಿ ಆಯ್ತದೆ."

"ನಡೆದ್ರಾ? ಕಾವು ಬ್ಯಾಡ್ವಾ?"

ನಾನು ತಬ್ಬಿಬ್ಬಾದೆ. ಏಕೆಂದರೆ ಆಟದಲ್ಲಿ ಅಂಥದ್ದೊಂದು ಉಪಾಯ ನಿಜವಾಗಿಯೂ ಇತ್ತು. ಮೈಯಲ್ಲಿ ಬೆಂಕಿ ಇರುವ ಪ್ರಾಣಿಯೊಂದನ್ನು ಜೊತೆಯಲ್ಲಿಟ್ಟುಕೊಂಡರೆ ಮೊಟ್ಟೆ ಅರ್ಧ ಹೊತ್ತಿಗೇ ಒಡೆಯುತ್ತದೆ. ಅದು ನನಗೆ ಗೊತ್ತಾಗಲು ನಾಲ್ಕು ತಿಂಗಳು ಹಿಡಿದಿತ್ತು. ಅವರಿಗೆ ಒಂದು ಗಳಿಗೆ ಸಾಕಾಯಿತು. ಆ ಬೆಂಕಿ ಪ್ರಾಣಿಗೆ ಅವತ್ತೇ 'ಬ್ಯಾರನ್' ಅಂತ ಹೆಸರಿಟ್ಟರು.

ಅಲ್ಲಿಂದ ಮೊಟ್ಟೆ ಒಡೆಸುವ ಕೆಲಸ ಅವರದಾಯಿತು. ಕೆಲಸ ಕೊಟ್ಟೆ ಅನ್ನುವುದಕ್ಕಿಂತ ಹೇರಿದೆ ಅನ್ನುವುದೇ ಸರಿ. ಕಣ್ಣು ಥರ್ಮಾಮೀಟರಿನ ಮೇಲೆ, ಹೆಬ್ಬೆರಳು ಯಂತ್ರದ ಮೇಲೆ, ನಡುನಡುವೆ ಒಲೆಗೆ ಒಂದು ಕೊರಡು. ನಾನು ಜೋಡಿ ಆರಿಸುವ ಪಂಡಿತ, ಅವರು ಮೊಟ್ಟೆ ಹೊರುವವರು. ಆದರೆ ನನಗೆ ಬೇಕಾದದ್ದು ಅಂಕಿ, ಅವರಿಗೆ ಬೇಕಾದದ್ದು ಮರಿ. ಒಡೆದ ಪ್ರತಿ ಮರಿಗೂ ಹೆಸರು. ಚೆನ್ನಿ, ಕಾಳ, ಪುಟ್ಟಸ್ವಾಮಿ, ಸಿದ್ದಿ. ವೇಗ ನಾಲ್ಕು, ಬಲ ಎರಡು ಇರುವ ಕುಂಟು ಮರಿಗೂ ಹೆಸರು. "ಇದ್ಯಾಕೆ ಅತ್ಗೆ, ಇದು ಕೆಲಸಕ್ಕೆ ಬರಲ್ಲ" ಅಂದರೆ "ಅದ್ಕೆ ಗೊತ್ತಾ ಅದು?" ಅನ್ನುತ್ತಿದ್ದರು.

ಒಂದು ಸಲ ನಮಗೆ ಜಗಳವೇ ಆಯಿತು. ಬೇಗ ಒಳ್ಳೆಯ ತಳಿ ಬರಬೇಕೆಂದರೆ ಒಂದೇ ತಾಯಿಯ ಮರಿಗಳನ್ನೇ ಜೋಡಿ ಮಾಡುವುದು ಸುಲಭದ ದಾರಿ. ಆಟ ಅದಕ್ಕೇನೂ ಅಡ್ಡಿ ಮಾಡುವುದಿಲ್ಲ. ಅಡ್ಡಿ ಮಾಡಿದ್ದು ಅತ್ತಿಗೆ. "ಒಂದೇ ಬೆಡಗು ಕಣೋ ಅವು! ಅಣ್ಣ ತಂಗೀನ ಮದ್ವೆ ಮಾಡ್ತೀಯಾ? ಥೂ!" ಬೆಡಗು ಅಂದರೆ ನಮ್ಮಲ್ಲಿ ಕುಲದ ಕವಲು, ಒಂದೇ ಬೆಡಗಿನವರು ಒಡಹುಟ್ಟಿದವರ ಲೆಕ್ಕ. ಇದು ಆಟ ಅತ್ಗೆ ಅಂದೆ. "ಆಟ ಆದ್ರೆ ಮಾನ ಮರ್ಯಾದೆ ಇಲ್ವಾ?" ಅಂದರು. ಅವರು ಅಡುಗೆಮನೆಗೆ ಹೋದ ಹೊತ್ತಿನಲ್ಲಿ ನಾನು ಕದ್ದು ಜೋಡಿ ಮಾಡಿದೆ. ಗೊತ್ತಾಗಿಹೋಯಿತು. ಎರಡು ದಿನ ಅತ್ತಿಗೆ ಯಂತ್ರವನ್ನು ಮುಟ್ಟಲಿಲ್ಲ, ಆ ಮೊಟ್ಟೆಯನ್ನು ನಾನೇ ಹೊತ್ತು ನಡೆದೆ.

ಕೊನೆಗೆ ಹೊರಗಿನ ಸಂಬಂಧವನ್ನೇ ಹುಡುಕಬೇಕಾಯಿತು. ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದಲ್ಲಿ ನನ್ನ ಕಾಲೇಜಿನ ಗೆಳೆಯನೊಬ್ಬ ಇದೇ ಆಟ ಆಡುತ್ತಿದ್ದ. ತಿಂಗಳಿಗೊಮ್ಮೆ ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಯಂತ್ರ ಎದುರುಬದುರು ಹಿಡಿದು ಪ್ರಾಣಿ ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ಹೊರಡುವ ಮೊದಲು ಅತ್ತಿಗೆ ಕೇಳುತ್ತಿದ್ದರು: "ಇವತ್ತು ಯಾವ್ದನ್ನ ಕಳಿಸ್ತಿದ್ದೀಯ? ಕೈಗೇನಾದ್ರೂ ಕೊಟ್ಟಿದ್ದೀಯಾ?" ಆಟದಲ್ಲಿ ಪ್ರತಿ ಪ್ರಾಣಿಯೂ ಒಂದು ವಸ್ತು ಹಿಡಿದುಕೊಳ್ಳಬಹುದು. ನಮ್ಮ ಕಡೆ ಮನೆಯಿಂದ ಹೆಣ್ಣುಮಗಳನ್ನು ಕಳಿಸುವಾಗ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ ಹಾಕಿ ಮಡಿಲಕ್ಕಿ ಕೊಟ್ಟು ಕಳಿಸುತ್ತಾರೆ. ಬರಿ ಮಡಿಲಲ್ಲಿ ಕಳಿಸುವುದು ಅವಳನ್ನು ನಮ್ಮವಳಲ್ಲ ಅಂದ ಹಾಗೆ. ಅದಕ್ಕೇ ಅತ್ತಿಗೆ ಹೋಗುವ ಪ್ರತಿ ಪ್ರಾಣಿಯ ಕೈಗೂ ಒಂದು ಹಣ್ಣು ಕೊಟ್ಟೇ ಕಳಿಸುತ್ತಿದ್ದರು. "ಬರಿ ಮಡ್ಲಲ್ಲಿ ಕಳಿಸ್ಬಾರ್ದು ಕಣಪ್ಪ, ಗಂಡಾದ್ರೂ ಅಷ್ಟೇ, ಎಣ್ಣಾದ್ರೂ ಅಷ್ಟೇ." ಹೊಸ ಅಗ್ರಹಾರದ ಗೆಳೆಯ "ಏನ್ ಮಗಾ, ನಿಮ್ಮನೆಯವೆಲ್ಲ ಹಣ್ಣು ಇಟ್ಕೊಂಡೇ ಬತ್ತವೆ" ಅಂತ ನಗುತ್ತಿದ್ದ. ಅವನ ಕಡೆಯವು ಬರಿಗೈಯಲ್ಲೇ ಬರುತ್ತಿದ್ದವು.

ತಂಡ ಕಟ್ಟುವ ವಿಷಯದಲ್ಲೂ ಅವರ ತಲೆ ನನಗಿಂತ ಚುರುಕು. ನಾನು ಆರಕ್ಕೆ ಆರೂ ಹೊಡೆಯುವವನ್ನೇ ಸೇರಿಸಿದ್ದೆ. ಸೋಲುತ್ತಿದ್ದೆ. ಅವರು ಹತ್ತು ಕಾದಾಟ ಸುಮ್ಮನೆ ನೋಡಿ ಹೇಳಿದರು: "ಎಲ್ರೂ ಒಡೆಯೋರೇ ಆದ್ರೆ ಏಟು ತಿನ್ನೋರ್ಯಾರು? ಒಂದ್ ಮನೆ ಅಂದ್ಮೇಲೆ ತಡ್ಕೊಳ್ಳೋರು ಒಬ್ರು ಬೇಕು." ಬಾಕ್ಸಿನಿಂದ ದಪ್ಪಗೆ, ನಿಧಾನವಾಗಿ, ಕೆಸರಿನ ಮುದ್ದೆಯಂತಿದ್ದ ಒಂದನ್ನು ಎಬ್ಬಿಸಿದರು. ಬಲ ಇಲ್ಲ, ವೇಗ ಇಲ್ಲ, ತಾಳಿಕೆ ಮಾತ್ರ ಮೂವತ್ತೊಂದು. ಅದರ ಹೆಸರು ಗುಂಡಮ್ಮ. ಗುಂಡಮ್ಮ ಬಂದ ಮೇಲೆ ನಾನು ಗೆಲ್ಲತೊಡಗಿದೆ. ಡಿಸೆಂಬರಿನಲ್ಲಿ ಮೈಸೂರಿನ ಒಂದು ಕಾಲೇಜಿನಲ್ಲಿ ಪಂದ್ಯ ಇದೆ ಅಂತ ಗೊತ್ತಾಗಿ ಹೆಸರು ಕೊಟ್ಟೆ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಅಂದೆ. ನಿಜ ಗೊತ್ತಿದ್ದದ್ದು ಅತ್ತಿಗೆಗೊಬ್ಬರಿಗೇ.

ಬಾಕ್ಸುಗಳು ತುಂಬಿದವು. ಬಿಟ್ಟುಬಿಡೋಣ ಅಂದೆ. "ಒಂದೊಂದ್ಕೂ ಎಸ್ರಿಟ್ಟಿವ್ನಿ. ಅಂಕಿ ಸರಿ ಇಲ್ಲ ಅಂತ ಕಳಿಸ್ಬುಡ್ತೀಯಾ? ಬ್ಯಾಡ ಕಣೋ" ಅಂದರು. ಎರಡು ಬಾಕ್ಸು ನಿಮ್ಮದು, ನಾನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟೆ.

ಇಷ್ಟು ಹೊತ್ತು ನಾನು ನಿಮಗೆ ಬ್ಯಾರನ್ನಿನ ಮುಂದಿನ ನಗುವನ್ನಷ್ಟೇ ಹೇಳಿದೆ. ಮನೆಯೊಳಗೆ ಬೇರೊಂದು ಮಾತು ನಡೆಯುತ್ತಿತ್ತು. ಅಣ್ಣ ಅತ್ತಿಗೆಯ ಮದುವೆಯಾಗಿ ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೈಸೂರಿನ ಡಾಕ್ಟರು ಇಬ್ಬರಲ್ಲೂ ದೋಷ ಕಾಣುವುದಿಲ್ಲ, ಕಾಯಿರಿ ಅಂದಿದ್ದರು. ಹರಕೆ, ಉಪವಾಸ, ಔಷಧಿ ಎಲ್ಲ ಆಗಿತ್ತು. ಕೊನೆಯ ಬ್ಯಾರನ್ನು ಬೇಯುತ್ತಿದ್ದ ದಿನಗಳವು. ಒಂದು ಮಧ್ಯಾಹ್ನ ಊಟದ ಮೇಲೆ ಅವ್ವ ಅಣ್ಣನನ್ನು ನಡುಮನೆಯಲ್ಲಿ ಕೂರಿಸಿಕೊಂಡಳು. ಅತ್ತಿಗೆ ಬ್ಯಾರನ್ನಿನ ಹತ್ತಿರ ಇದ್ದರು. ನಾನು ಮೂಲೆಯಲ್ಲಿ ಗೋಡೆಗೊರಗಿ ಕೂತು ಮೊಟ್ಟೆ ಒಡೆಸುತ್ತಿದ್ದೆ.

"ಅವ್ಳು ಒಳ್ಳೇವ್ಳೇ, ನಾನೇನ್ ಇಲ್ಲ ಅಂದ್ನಾ?" ಅಂದಳು ಅವ್ವ. "ಒಳ್ಳೇತನ ಇಟ್ಕೊಂಡು ಏನ್ ಮಾಡನ, ಮನೇಗೊಂದು ತೊಟ್ಲು ಬ್ಯಾಡ್ವಾ? ನಾಲ್ಕ್ ದಿನ ತೌರಲ್ಲಿ ಇದ್ದು ಬರ್ಲಿ ಅಂತ ಕಳ್ಸನ. ಆಮೇಕೆ ದೊಡ್ಡೋರು ಕೂತು ಮಾತಾಡ್ಕೋತೀವಿ."

ಅಣ್ಣ ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದ. ಬೇಡ ಅನ್ನಲಿಲ್ಲ. ಅವ್ವ ನನ್ನ ಕಡೆ ತಿರುಗಿದಳು. "ನೀನೇನಂತೀಯ್ಲಾ? ಓದಿರೋನು ನೀನು, ಯೋಳು."

ಈಗ ಯೋಚಿಸಿದರೆ ಅವ್ವನಿಗೇ ಯಾರಾದರೂ ತಡೆಯಲಿ ಅನ್ನಿಸಿತ್ತೇನೋ. ಇಲ್ಲದಿದ್ದರೆ ಇಪ್ಪತ್ತೆರಡು ವರ್ಷದವನನ್ನು ಯಾಕೆ ಕೇಳುತ್ತಿದ್ದಳು? ಅದೇ ಹೊತ್ತಿಗೆ ನನ್ನ ಕೈಯಲ್ಲಿ ಮೊಟ್ಟೆ ಬಿರಿಯುತ್ತಿತ್ತು. ನಾನು ತಲೆ ಎತ್ತದೆಯೇ "ನಂಗೇನ್ ಗೊತ್ತವ್ವ" ಅಂದೆ. ಮರಿಯ ಅಂಕಿ ನೋಡಿದೆ. ಅದೂ ಸುಮಾರಾಗಿತ್ತು.

ಎಂಟು ದಿನಕ್ಕೆ ಅತ್ತಿಗೆ ಹೊರಟರು. ಅವ್ವ ಹಣೆಗೆ ಕುಂಕುಮ ಇಟ್ಟಳು, ಮಡಿಲಿಗೆ ಏನೂ ಹಾಕಲಿಲ್ಲ. "ನಾಲ್ಕ್ ದಿನಕ್ಕೆ ಬತ್ತೀಯಲ್ಲ, ಅದೆಲ್ಲ ಯಾಕೆ" ಅಂದಳು. ಅತ್ತಿಗೆ ತಲೆಯಾಡಿಸಿದರು. ಬೈಕಿನಲ್ಲಿ ಹುಣಸೂರಿಗೆ ಕರೆದುಕೊಂಡು ಹೋಗಿ ಅಂತರಸಂತೆ ಕಡೆಗೆ ಹೋಗುವ ಕೋಟೆ ಬಸ್ಸು ಹತ್ತಿಸಿದ್ದು ನಾನು. ಅವರು ಕಿಟಕಿ ಪಕ್ಕ ಕೂತು, ಚೀಲ ತೊಡೆ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಏನಾದರೂ ಹೇಳಲಿ ಅಂತ ನೋಡುತ್ತಿದ್ದರು ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಕೇಳಿದ್ದೇನು ಗೊತ್ತೆ? "ಅತ್ಗೆ, ಗುಂಡಮ್ಮನ್ನ ಯಾವ ಬಾಕ್ಸಲ್ಲಿ ಇಟ್ರಿ?"

ಅವರು "ಮೂರ್ನೇದ್ರಲ್ಲಿ, ಮೇಲ್ಗಡೆ ಸಾಲಲ್ಲಿ. ಬ್ಯಾರನ್ ಪಕ್ಕದಲ್ಲೇ ಅವ್ಳೆ" ಅಂದರು. ಬಸ್ಸು ಹೊರಟಿತು.

ಇದಾಗಿ ಮೂರನೇ ದಿನವೋ ನಾಲ್ಕನೇ ದಿನವೋ, ಜಾಗ ಸಾಲದೆ ನಾನು ಅತ್ತಿಗೆಯ ಎರಡು ಬಾಕ್ಸು ತೆರೆದೆ. ಬಿಟ್ಟುಬಿಡಲು ಹೊರಟವನು ನಿಂತೆ. ಅಷ್ಟೂ ಮರಿಗಳ ಕೈಯಲ್ಲಿ ಒಂದೊಂದು ಹಣ್ಣಿತ್ತು. ಚೆನ್ನಿ, ಕಾಳ, ಪುಟ್ಟಸ್ವಾಮಿ, ಸಿದ್ದಿ, ಎಲ್ಲರ ಕೈಯಲ್ಲೂ. ಹೊರಡುವ ಹಿಂದಿನ ದಿನವಿಡೀ ಅವರು ಯಂತ್ರ ಹಿಡಿದು ಕೂತಿದ್ದದ್ದು ನೆನಪಾಯಿತು. ಆಟ ಆಡುತ್ತಿದ್ದಾರೆ ಅಂದುಕೊಂಡಿದ್ದೆ.

ಅಷ್ಟು ನೋಡಿದ ಮೇಲೆ ನಾನು ನಿಲ್ಲಿಸಿಬಿಟ್ಟೆ ಅಂತ ಹೇಳುವ ಆಸೆ ನನಗೂ ಇದೆ. ಆದರೆ ನಿಮಗೆ ಸುಳ್ಳು ಹೇಳಿ ಏನು ಮಾಡಲಿ? ಆ ಹಣ್ಣು ಸುಲಭವಾಗಿ ಸಿಗುವಂಥದ್ದಲ್ಲ, ತಂಡದ ತರಬೇತಿ ತಿದ್ದುವುದಕ್ಕೆ ಬೇಕಾಗುವಂಥದ್ದು. ಒಂದೊಂದೇ ಮರಿಯ ಕೈಯಿಂದ ಹಣ್ಣು ತೆಗೆದುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ, ಆಮೇಲೆ ಬಿಟ್ಟೆ. ಪ್ರತಿ ಸಲವೂ ಯಂತ್ರ ಕೇಳುತ್ತಿತ್ತು, ಇದನ್ನು ನಿಜವಾಗಿಯೂ ಬಿಡಬೇಕೆ ಅಂತ. ಅರವತ್ತು ಸಲ ಕೇಳಿತು. ಅರವತ್ತು ಸಲವೂ ಹೌದು ಅಂದೆ. ಕೊನೆಕೊನೆಗೆ ಹೆಸರು ಓದುವುದನ್ನೇ ಬಿಟ್ಟಿದ್ದೆ.

ಡಿಸೆಂಬರಿನಲ್ಲಿ ಪಂದ್ಯಕ್ಕೆ ಹೋದೆ. ಅಲ್ಲಿ ಎಲ್ಲರೂ ನನಗಿಂತ ಚಿಕ್ಕವರು, ಕೆಲವರಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಮೂರನೇ ಸುತ್ತಿನಲ್ಲಿ ನನ್ನ ಐದು ಪ್ರಾಣಿ ಬಿದ್ದು ಗುಂಡಮ್ಮ ಒಬ್ಬಳೇ ಉಳಿದಳು. ಎದುರಾಳಿಯ ಕಡೆ ಎರಡು. ಹೊಡೆತದ ಮೇಲೆ ಹೊಡೆತ ತಿಂದಳು, ತಿಂದು ಸುಧಾರಿಸಿಕೊಂಡಳು, ಅವೆರಡೂ ಸುಸ್ತಾಗಿ ಬೀಳುವವರೆಗೆ ನಿಂತೇ ಇದ್ದಳು. ಸುತ್ತ ಇದ್ದವರು ಚಪ್ಪಾಳೆ ಹೊಡೆದರು. ಮುಂದಿನ ಸುತ್ತಿನಲ್ಲಿ ಸೋತೆ, ಅದು ಬೇರೆ ಮಾತು. ಆ ಚಪ್ಪಾಳೆಯ ಹೊತ್ತಿನಲ್ಲಿ ಒಬ್ಬರಿಗೆ ಫೋನ್ ಮಾಡಿ ಹೇಳಬೇಕು ಅನ್ನಿಸಿತು. ನಂಬರು ಇತ್ತು. ಅಷ್ಟು ಹೊತ್ತಿಗೆ ಆ ಕಡೆಯ ದೊಡ್ಡವರೂ ಈ ಕಡೆಯ ದೊಡ್ಡವರೂ ಕೂತು ಮಾತಾಡಿ, ವಿಚ್ಛೇದನದ ಕಾಗದಪತ್ರಕ್ಕೆ ವಕೀಲರನ್ನು ನೋಡಿಯಾಗಿತ್ತು. ಯಾರೂ ಅವರ ಜೊತೆ ಮಾತಾಡಕೂಡದು ಅಂತ ಮನೆಯಲ್ಲಿ ಹೇಳಿದ್ದರು. ಹೇಳಿದ ಮಾತು ಕೇಳುವ ಹುಡುಗ ನಾನು, ಫೋನ್ ಮಾಡಲಿಲ್ಲ.

ಅಣ್ಣನಿಗೆ ಮತ್ತೆ ಮದುವೆಯಾಯಿತು. ಇಬ್ಬರು ಮಕ್ಕಳು. ದೊಡ್ಡವಳು ನನ್ನ ಅಂಗಡಿಗೆ ಬಂದು ಹಾಳಾದ ಹಾಳೆಗಳ ಹಿಂದೆ ಚಿತ್ರ ಬರೆಯುತ್ತಾಳೆ, ಅವಳಿಲ್ಲದ ಮನೆಯನ್ನು ನಾನು ನೆನೆಸಿಕೊಳ್ಳಲಾರೆ. ಅವಳ ಅಮ್ಮ ಒಳ್ಳೆಯವಳು. ನಾವು ಯಾರೂ ಕೆಟ್ಟವರಲ್ಲ. ಇದೇ ನನ್ನ ಎದೆಯಲ್ಲಿ ಇಷ್ಟು ವರ್ಷ ಕೂತಿರುವುದು, ಕೆಟ್ಟವರೊಬ್ಬರೂ ಇಲ್ಲದ ಮನೆಯಲ್ಲಿ ಇದು ನಡೆದುಹೋಯಿತು. ಆ ಯಂತ್ರವನ್ನು ಪಂದ್ಯದ ಮರುವರ್ಷವೇ ಯಾರಿಗೋ ಕೊಟ್ಟೆ. ಅತ್ತಿಗೆಯ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಆ ಹುಡುಗಿ ಬಂದು ಹೋದ ಮೇಲೆ ಒಂದು ವಾರ ತಡೆದುಕೊಂಡೆ. ಆಮೇಲೆ ಅಂಗಡಿಗೆ ಬೀಗ ಹಾಕಿ, ಸಂತೆಯ ದಿನ ನೋಡಿಕೊಂಡು ಅಂತರಸಂತೆಗೆ ಹೋದೆ. ಹುಡುಕುವುದು ಕಷ್ಟವಾಗಲಿಲ್ಲ. ಕೋಳಿಮರಿ ಮಾರುವ ಕಡೆ ಕೇಳಿದರೆ "ಸರೋಜಕ್ಕನಾ? ಅಗೋ ಅಲ್ಲವ್ರೆ" ಅಂದರು. ಸರೋಜ ಅನ್ನುವ ಹೆಸರನ್ನು ನಾನು ಲಗ್ನಪತ್ರಿಕೆಯಲ್ಲಿ ಓದಿದ್ದು ಬಿಟ್ಟರೆ ಮತ್ತೆ ಕೇಳಿದ್ದು ಅವತ್ತೇ. ಎರಡು ಬಿದಿರು ಬುಟ್ಟಿಗಳ ಹಿಂದೆ, ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಕೂದಲು ಅರ್ಧ ನೆರೆತಿತ್ತು. ನನ್ನನ್ನು ನೋಡಿ ತಕ್ಷಣ ಗುರುತು ಹಿಡಿದರು.

"ಬಾಪ್ಪ. ದಪ್ಪ ಆಗಿದ್ದೀಯ" ಅಂದರು. ಪಕ್ಕದ ಚೀಲ ಸರಿಸಿ ಜಾಗ ಮಾಡಿಕೊಟ್ಟರು.

ನಾನು ಬಸ್ಸಿನಲ್ಲಿ ಕೂತು ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಒಟ್ಟಿಗೆ ಹೊರಬಂದವು. ಅತ್ಗೆ, ನಿಮ್ಮ ಎರಡು ಬಾಕ್ಸು ನಾನು ಖಾಲಿ ಮಾಡಿಬಿಟ್ಟೆ, ಮಾತು ಕೊಟ್ಟು ತಪ್ಪಿದೆ ಅಂದೆ. ಅವರಿಗೆ ಯಾವ ಬಾಕ್ಸು ಅಂತ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕರು.

"ಗೊತ್ತಿತ್ತು ಬುಡು. ನಾನು ಮನೆ ಬುಟ್ಟೋದ್ಮೇಕೆ ನೀನು ಅವನ್ನ ಮಡಿಕ್ಕೋತೀಯಾ? ಅದ್ಕೇ ಒಂದೊಂದ್ ಅಣ್ಣು ಕೊಟ್ಟಿದ್ದೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವರು ನಗುತ್ತಿದ್ದರು, ನನ್ನ ಭಾರವೂ ಇಳಿದಿತ್ತು. ಆದರೆ ಪೂರ್ತಿ ಹೇಳಿದರೇ ಹಗುರಾಗುವುದು ಅನ್ನುವ ಹುಚ್ಚು. "ಆ ಹಣ್ಣನ್ನೂ ನಾನು ತೆಗೆದುಕೊಂಡೆ ಅತ್ಗೆ. ತೆಗೆದುಕೊಂಡು ಆಮೇಲೆ ಬಿಟ್ಟೆ" ಅಂದೆ.

ಅವರ ನಗು ನಿಂತಿತು. "ಎಲ್ಲಾನೂವಾ?" ಅಂದರು. ಎಲ್ಲ ಅಂದೆ. ಬುಟ್ಟಿಯ ಬಲೆ ಸರಿಮಾಡತೊಡಗಿದರು. ಸಂತೆಯ ಗದ್ದಲ ನಮ್ಮ ಸುತ್ತ ನಡೆದೇ ಇತ್ತು. ಒಬ್ಬ ಹೆಂಗಸು ಬಂದು ನಾಲ್ಕು ಮರಿ ಆರಿಸಿಕೊಂಡು ಹೋದಳು. ಅವಳು ಹೋದ ಮೇಲೆ, ನನ್ನ ಕಡೆ ನೋಡದೆಯೇ ಹೇಳಿದರು.

"ಅವತ್ತು ಅತ್ತೆ ನಿನ್ನ ಕೇಳುದ್ರಲ್ಲ, ನೀನೇನಂತೀಯ ಅಂತ. ನಾನು ನೀರಿಗೆ ಅಂತ ಬಂದು ಇತ್ಲ ಬಾಗ್ಲಲ್ಲಿ ನಿಂತಿದ್ದೆ. ನಿಮ್ಮಣ್ಣ ಮಾತಾಡಲ್ಲ ಅಂತ ಗೊತ್ತಿತ್ತು. ನೀನ್ ಮಾತಾಡ್ತೀಯ ಅಂದ್ಕಂಡಿದ್ದೆ. ನಂಗೇನ್ ಗೊತ್ತು ಅಂದೆ ನೀನು." ಒಂದು ಮರಿ ಬುಟ್ಟಿಯಿಂದ ಹೊರಗೆ ಬಂದಿತ್ತು, ಅದನ್ನು ಹಿಡಿದು ಒಳಗೆ ಹಾಕಿದರು. "ನಿಂಗೆ ಗೊತ್ತಿತ್ತು ಕಣಪ್ಪ."

ನನಗೆ ಅಳು ಬಂತು. ಸಂತೆಯ ನಡುವೆ, ನಲವತ್ತರ ಹತ್ತಿರದ ಗಂಡಸು, ಮುಖ ಮುಚ್ಚಿಕೊಂಡು ಅತ್ತೆ. ತಪ್ಪಾಯ್ತು ಅತ್ಗೆ, ತಪ್ಪಾಯ್ತು ಅಂದೆ.

"ಅತ್ಗೆ ಅನ್ಬ್ಯಾಡ" ಅಂದರು, ಗದರಿ ಅಲ್ಲ, ಮೆಲ್ಲಗೆ. "ನಿಮ್ಮನೇಲಿ ಈಗ ಬ್ಯಾರೆ ಅತ್ಗೆ ಅವ್ಳೆ. ಆ ಎಣ್ಮಗ್ಳ ಎಸ್ರು ಅದು. ಎಲ್ರೂ ಕರೀತಾರಲ್ಲ, ಅಂಗೇ ಕರಿ." ಆಮೇಲೆ ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಂಡು, "ಕೋಟೆ ಬಸ್ಸು ಈಗ ಬತ್ತದೆ, ತಪ್ಪುದ್ರೆ ಕಾಯ್ಬೇಕು, ಓಗು" ಅಂದರು. ಎದ್ದೆ. ಬರುತ್ತೇನೆ ಸರೋಜಕ್ಕ ಅಂದೆ. ಅವರು ಇನ್ನೊಬ್ಬ ಗಿರಾಕಿಗೆ ಮರಿಯ ಕಾಲು ತಿರುಗಿಸಿ ತೋರಿಸುತ್ತಿದ್ದರು, ಅದು ಹುಂಜವೋ ಹ್ಯಾಟೆಯೋ ಅಂತ.

ಊರು ಸೇರಿದಾಗ ಇನ್ನೂ ಬಿಸಿಲಿತ್ತು. ಅವ್ವ ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಈಗ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೈಯೇ ನೋಡಿಕೊಳ್ಳುತ್ತದೆ. "ಅಂಗಡಿ ಬಾಗ್ಲಾಕಿತ್ತಂತೆ, ಎಲ್ಲೋಗಿದ್ದೆ?" ಅಂದಳು.

ಮೈಸೂರಿಗೆ ಅನ್ನುವ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. "ಅಂತರಸಂತೆಗೆ. ಸರೋಜಕ್ಕನ್ನ ನೋಡೋಕೆ" ಅಂದೆ.

ಅವ್ವನ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ಬೈದರೆ ಉತ್ತರ ಹೇಳಲು ಬಸ್ಸಿನುದ್ದಕ್ಕೂ ತಯಾರಾಗಿಯೇ ಬಂದಿದ್ದೆ, ಆ ಮಧ್ಯಾಹ್ನ ಹೇಳದೆ ಉಳಿದ ಮಾತುಗಳನ್ನೆಲ್ಲ ಈಗಲಾದರೂ ಹೇಳಿಬಿಡೋಣ ಅಂತ. ಅವ್ವ ಬೈಯಲಿಲ್ಲ. ಒಳಗೆ ಯಾರಿಗೂ ಕೇಳದ ಹಾಗೆ ದನಿ ತಗ್ಗಿಸಿ ಕೇಳಿದಳು:

"ಎಂಗವ್ಳೆ ಲಾ? ಚೆನ್ನಾಗವ್ಳಾ? ಯಾರವ್ರೆ ಜೊತ್ಗೆ?"

ನಾನು ಬಾಯಿ ತೆರೆದೆ. ಅಷ್ಟು ದೂರ ಹೋಗಿ, ಅಷ್ಟು ಹೊತ್ತು ಪಕ್ಕದಲ್ಲಿ ಕೂತು, ನನ್ನ ತಪ್ಪನ್ನೆಲ್ಲ ಅವರ ಮುಂದೆ ಸುರಿದು ಅತ್ತು ಬಂದಿದ್ದೆ. ಹೇಗಿದ್ದೀರಿ ಅಂತ ಒಂದು ಮಾತು ಕೇಳಿರಲಿಲ್ಲ.